ಮುಟ್ಟಿದ್ದಕ್ಕೆ ರಸೀದಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದು ನನ್ನ ಕಥೆಯಲ್ಲ, ನನ್ನ ನಾದಿನಿಯದು. ಅವಳ ಬಾಯಿಂದ ಬರಬೇಕಾದದ್ದನ್ನು ನಾನು ಹೇಳಹೊರಟಿರುವುದು ಸರಿಯೋ ತಪ್ಪೋ ಎಂಬ ಅನುಮಾನದಲ್ಲಿ ಬರೆದದ್ದನ್ನು ಹರಿದು ಹಾಕಿ ಮತ್ತೆ ಶುರುಮಾಡಿದ್ದೇನೆ. "ನೀವೇ ಬರೀರಿ ಅತ್ತಿಗೆ, ನಂಗೆ ಕೂತು ಬರೆಯೋ ತಾಳ್ಮೆ ಇಲ್ಲ. ಆದ್ರೆ ಅಯ್ಯೋ ಪಾಪ ಅನ್ನೋ ಹಾಗೆ ಮಾತ್ರ ಬರೀಬೇಡಿ" ಎಂದು ಅವಳು ಹೇಳಿದ್ದರಿಂದ ಧೈರ್ಯ ಮಾಡಿದ್ದೇನೆ. ಕಂಪ್ಯೂಟರಿನ ವಿಷಯ ನಾನು ಕಲಿತದ್ದು ಸಂಜೆ ಕ್ಲಾಸಿನಲ್ಲಿ, ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಚೌಕಟ್ಟಿಗೆ ಗಾಜು ಕೂರಿಸಿ ಕಣ್ಣು ಕೆಂಪಾದ ಮೇಲೆ. ತಿಳಿದವರಿಗೆ ತಪ್ಪು ಕಂಡರೆ ತಿದ್ದಿಕೊಂಡು ಓದಬೇಕು.

ನಾದಿನಿ ನಮ್ಮ ಮನೆಗೆ ಬಂದದ್ದು ಒಂದು ಬೆಳಗ್ಗೆ. ಕೈಯಲ್ಲೊಂದು ಚೀಲ, ಕಂಕುಳಲ್ಲಿ ಹೊಲಿಗೆ ಯಂತ್ರದ ಮೋಟರು. ಯಂತ್ರವನ್ನು ಹೊರಲು ಆಗಿರಲಿಲ್ಲ; ಮೋಟರನ್ನಷ್ಟೇ ಬಿಚ್ಚಿ ತಂದಿದ್ದಳು. "ಅದನ್ಯಾಕೆ ತಂದೆ?" ಎಂದು ನಮ್ಮ ಮನೆಯವರು ಕೇಳಿದರು.

"ಹೆಂಡ್ತಿ ಇಲ್ದೆ ಅವನು ತಾನೇ ಹೊಲಿಯೋಕೆ ಹೋಗಿ ಬೆರಳು ಚುಚ್ಕೊಂಡ್ರೆ ಅದೂ ನನ್ನ ತಲೆಗೇ ಬರುತ್ತಲ್ಲ ಅಣ್ಣ, ಅದಕ್ಕೆ" ಎಂದಳು. ನಗಲು ಹೋದವಳು ಬಾಗಿಲ ಚಿಲಕ ಹಾಕಿದೆಯೇ ಎಂದು ತಿರುಗಿ ನೋಡಿದಳು.

ಅವಳ ಗಂಡ ಹೊಡೆದದ್ದಕ್ಕಿಂತ ವಿಚಾರಿಸಿದ್ದು ಹೆಚ್ಚು. ಎಲ್ಲಿದ್ದೆ, ಯಾರ ಜೊತೆ ಇದ್ದೆ, ಹಾಲಿನವನ ಹತ್ತಿರ ಅಷ್ಟು ಹೊತ್ತು ಏನು ಮಾತು. ಮದುವೆಯಾದ ಹೊಸದರಲ್ಲೇ ನಮ್ಮ ಮನೆಯ ಜೊತೆ ಮಾತು ಬಿಡಿಸಿದ. ಕೊನೆಗೊಂದು ದಿನ ಅವಳ ಕುತ್ತಿಗೆಯ ಮೇಲೆ ಕೈ ಇಟ್ಟು, ಅದುಮದೆ, ಬರೀ ಇಟ್ಟು, "ನೀನು ಎಲ್ಲಿಗೆ ಹೋದ್ರೂ ನಂಗೆ ಗೊತ್ತಾಗುತ್ತೆ. ಗೊತ್ತಾದ ದಿನ ನೋಡು" ಎಂದಿದ್ದ. ಅದುಮಿದ್ದರೆ ಇಷ್ಟು ಹೆದರುತ್ತಿರಲಿಲ್ಲ ಎಂದು ಅವಳು ನನಗೆ ಒಮ್ಮೆ ಹೇಳಿದಳು.

ಅವನು ಮಾತು ಬಿಡಿಸಿದ್ದೇ ಒಂದು ರೀತಿಯಲ್ಲಿ ನಮಗೆ ಒಳ್ಳೆಯದಾಯಿತು. ಆಮೇಲೆ ನಾವು ಊರು ಬದಲಾಯಿಸಿದ್ದು ಅವನಿಗೆ ತಿಳಿದಿರಲಿಲ್ಲ; ಅವಳಿಗೆ ಮಾತ್ರ ಗುಟ್ಟಾಗಿ ತಿಳಿಸಿದ್ದೆವು. ನಮ್ಮ ಮನೆಯವರು ಒಂದು ದೊಡ್ಡ ಸಾಗಣೆ ಕಂಪನಿಯ ಗೋದಾಮಿನಲ್ಲಿ ಸರಕು ಇಳಿಸಿಕೊಳ್ಳುವ ಗುಮಾಸ್ತರು. ಆ ಕಂಪನಿಗೆ ಊರೂರಲ್ಲಿ ಗೋದಾಮುಗಳಿವೆ. ಲಾರಿ ಬಂದರೆ ಪೆಟ್ಟಿಗೆ ನೋಡಿ, ಸಹಿ ಹಾಕಿ, "ಮುಟ್ಟಿತು" ಎನ್ನುವುದು ಅವರ ಕೆಲಸ. ಈ ಮಾತು ಅವರ ನಾಲಿಗೆಗೆ ಎಷ್ಟು ಅಂಟಿದೆಯೆಂದರೆ ನಾನು ಕಾಫಿ ಕೊಟ್ಟರೂ "ಮುಟ್ಟಿತು" ಎನ್ನುತ್ತಿದ್ದರು. ಗೋದಾಮಿನಲ್ಲಿ ಅವರಿಗೆ ಮುಟ್ಟಿತಪ್ಪ ಎಂದೇ ಹೆಸರು.

ನಾದಿನಿಗೆ ಹಿಂದಿನ ಕೋಣೆ ಕೊಟ್ಟೆವು. ಬಟ್ಟೆ ಕತ್ತರಿಸುವ ನಕ್ಷೆ ಬರೆಯುವುದು ಅವಳ ಕಸುಬು. ದರ್ಜಿಗಳು ಅಳತೆ ಕಳಿಸಿದರೆ ಕಾಗದದ ಮೇಲೆ ತೋಳು, ಕತ್ತು, ಬೆನ್ನು ಎಲ್ಲ ಬಿಡಿಬಿಡಿಯಾಗಿ ಬರೆದು, ಫೋಟೋ ತೆಗೆದು ಈಮೇಲಿನಲ್ಲಿ ಕಳಿಸುತ್ತಾಳೆ. ಅವಳ ವಿಳಾಸ ಎಲ್ಲ ದರ್ಜಿಗಳಿಗೂ ಗೊತ್ತಿದ್ದರಿಂದ ಅದನ್ನು ಬಿಟ್ಟರೆ ಹೊಟ್ಟೆಪಾಡು ಹೋಗುತ್ತಿತ್ತು. ಆದರೆ ಆ ವಿಳಾಸ ಅವನಿಗೂ ಗೊತ್ತಿತ್ತಲ್ಲ. ದಿನಾ ಬರೆಯುತ್ತಿದ್ದ. ದರ್ಜಿಗಳ ಅಳತೆಯ ನಡುವೆ ಅವನ ಮೇಲ್. ಫೋನ್ ಕುಯ್ಯೆಂದರೆ ಅವಳ ಕೈಯ ಪೆನ್ಸಿಲ್ ನಿಲ್ಲುತ್ತಿತ್ತು. ತೋಳಿನ ಗೆರೆ ಹಾಕುವಾಗ ಹಾಗೆ ನಿಂತರೆ ಆ ಕಾಗದ ಕೆಟ್ಟಂತೆಯೇ.

ನಾವು ಒಬ್ಬ ವಕೀಲೆಯ ಬಳಿ ಹೋದೆವು. ಪೆನ್ನಿನ ಮುಚ್ಚಳ ಕಚ್ಚಿ ಕಚ್ಚಿ ಚಪ್ಪಟೆ ಮಾಡುವ ಹೆಂಗಸು, ಮಾತು ಮಾತ್ರ ನೇರ. ಅವನು ಹತ್ತಿರ ಬರಬಾರದೆಂದು ನ್ಯಾಯಾಲಯದಿಂದ ಆದೇಶ ತರೋಣ ಎಂದರು. "ಅಲ್ಲೀತನಕ ಉತ್ತರ ಕೊಡ್ಬೇಡಿ. ಅಳಿಸ್ಬೇಡಿ. ತಡೀಲೂಬೇಡಿ. ಬರ್ಲಿ, ಬಂದಷ್ಟೂ ನಮಗೆ ಸಾಕ್ಷಿ. ನೀವಿರೋ ಜಾಗ ಅವನಿಗೆ ತಿಳೀಬಾರದು, ಅಷ್ಟೇ ಮುಖ್ಯ."

ಬರಲಿ ಎಂದರೆ ಬರಲಿ, ಆದರೆ ಅವಳ ಕೆಲಸದ ಮಧ್ಯೆ ಬರುವುದು ಬೇಡ ಎಂದು ನನಗೆ ಅನಿಸಿತು. ಫೋನಿನಿಂದ ಮೇಲ್ ತೆಗೆದು ಒಂದು ಕಂಪ್ಯೂಟರಿಗೆ ಹಾಕಿದರೆ, ಅವನದನ್ನು ಬೇರೆ ಕಡೆ ಬೀಳುವ ಹಾಗೆ ಮಾಡಬಹುದು. ಈ ಉಪಾಯ ನನ್ನದೇ. ನಮ್ಮ ಮನೆಯವರು ಗೋದಾಮಿನಲ್ಲಿ ಮೂಲೆ ಸೇರಿದ್ದ ಹಳೆಯ ಕಂಪ್ಯೂಟರನ್ನು ಮ್ಯಾನೇಜರಿಗೆ ಹೇಳಿ ಕೇಳಿ, ಕಂಬಳಿಯಲ್ಲಿ ಸುತ್ತಿ ಸ್ಕೂಟರಿನ ಮೇಲೆ ತಂದರು. ಭಾನುವಾರ ಮೂವರೂ ಅದರ ಮುಂದೆ ಕೂತೆವು.

ಮೇಲ್ ತೆರೆಯುವ ತಂತ್ರಾಂಶ ಹಾಕಿದ್ದೇ ತಡ, ಅದು ಪ್ರಶ್ನೆ ಕೇಳಲು ಶುರುಮಾಡಿತು. ಬಂದ ಮೇಲ್ ಎಲ್ಲಿ ಇಳಿಸಬೇಕು, ಅದರ ಒಂದು ನಕಲು ಮೇಲ್ ಕಂಪನಿಯ ಸರ್ವರಿನಲ್ಲೂ ಇರಬೇಕೇ, ಎಷ್ಟು ಹೊತ್ತಿಗೊಮ್ಮೆ ನೋಡಬೇಕು. ಎಲ್ಲಕ್ಕೂ ಡಿಫಾಲ್ಟ್ ಎಂದು ಒಂದು ಉತ್ತರ ಅದೇ ತುಂಬಿಕೊಂಡಿತ್ತು.

"ಡಿಫಾಲ್ಟ್ ಅಂದ್ರೇನು ಅತ್ತಿಗೆ?"

"ನಾವು ಬಾಯಿ ಬಿಡದೇ ಇದ್ರೆ ಅದು ತಾನಾಗೇ ಏನ್ ಮಾಡುತ್ತೋ ಅದು."

"ಓ, ನನ್ನ ಮದುವೆ ಥರ" ಎಂದಳು. ನಮ್ಮ ಮನೆಯವರು ನಕ್ಕು ಕೆಮ್ಮಿದರು.

ನಕಲು ಸರ್ವರಿನಲ್ಲೂ ಇರಲಿ ಎಂದೆವು, ವಕೀಲೆ ಹೇಳಿದ್ದರಲ್ಲ. ಎಷ್ಟು ಹೊತ್ತಿಗೊಮ್ಮೆ ಎಂಬುದಕ್ಕೆ ಅವಳೇ ಮೌಸ್ ಹಿಡಿದು "ನಾನು ಕೇಳಿದಾಗ ಮಾತ್ರ" ಎಂಬುದನ್ನು ಒತ್ತಿದಳು. ಒತ್ತಿ ಅದನ್ನೇ ಸ್ವಲ್ಪ ಹೊತ್ತು ನೋಡಿದಳು. ದರ್ಜಿಗಳ ಮೇಲ್ ಮಾಮೂಲಿ ಪೆಟ್ಟಿಗೆಗೆ, ಅವನದು ಇನ್ನೊಂದಕ್ಕೆ. ಆ ಇನ್ನೊಂದಕ್ಕೆ ಹೆಸರಿಡಬೇಕಿತ್ತು. ನಾನು "ಸಾಕ್ಷಿ" ಎಂದೆ. ಅವಳು "ಅಷ್ಟು ಮರ್ಯಾದೆ ಬೇಡ" ಎಂದು "ಗೋಣಿಚೀಲ" ಎಂದು ಬರೆದಳು.

ಕೊನೆಗೆ ಬಂದದ್ದು ರಿಟರ್ನ್ ರಿಸೀಟ್ ಎಂಬ ಸಾಲು. ಅದರ ಕೆಳಗೆ ಮೂರು ಉತ್ತರ: ನೆವರ್, ಆಸ್ಕ್, ಆಲ್ವೇಸ್. ಅಂದರೆ ಎಂದೂ ಬೇಡ, ಪ್ರತಿ ಸಲ ಕೇಳು, ಯಾವಾಗಲೂ. "ಕೇಳು" ಎಂಬುದು ತಾನಾಗೇ ಆಯ್ಕೆಯಾಗಿತ್ತು.

"ಇದು ಯಾರಿಗೆ ರಿಟರ್ನ್ ಆಗೋದು?" ಎಂದೆ ನಾನು.

ನಮ್ಮ ಮನೆಯವರು ಕುರ್ಚಿ ಮುಂದೆ ಎಳೆದುಕೊಂಡರು. ಅಷ್ಟು ಹೊತ್ತು ನಮ್ಮ ಮಾತು ಕೇಳುತ್ತ ಕೂತಿದ್ದವರಿಗೆ ತಮ್ಮ ಸೀಮೆ ಬಂತು ಅನಿಸಿರಬೇಕು. "ಇದು ನನ್ನನ್ನ ಕೇಳು. ರಿಟರ್ನ್ ಅಂದ್ರೆ ವಾಪಸ್ಸು. ವಾಪಸ್ಸು ಬರೋ ಚೀಟಿ ನಮಗೇ. ನಮ್ಮಲ್ಲಿ ಪ್ರತಿ ಲಾರೀಗೂ ರಿಟರ್ನ್ ರಸೀದಿ ಅಂತ ಹಳದಿ ಚೀಟಿ ಉಳಿಯುತ್ತೆ. ನಾಳೆ ಯಾವನಾದ್ರೂ ನಾನು ಕಳಿಸೇ ಇಲ್ಲ ಅಂದ್ರೆ ಅದನ್ನ ಮುಖಕ್ಕೆ ಹಿಡಿಯೋದು. ಲಾಯರಮ್ಮನಿಗೆ ಬೇಕಾಗಿರೋದೂ ಅದೇ ತಾನೆ?"

"ಅದಲ್ಲ, ಪ್ರತಿ ಸಲ ಕೇಳ್ಲಿ ಅಂತ ಬಿಟ್ರೆ?"

"ಪ್ರತಿ ಸಲ ಪೆಟ್ಟಿಗೆ ತೆಗ್ದು ಇವಳ ಮುಂದೆ ಅವನ ಹೆಸರು ತೋರಿಸಿ ಕೇಳುತ್ತೆ. ಅದು ಬೇಕಾ?"

ಅವಳಿಗೆ ಅದು ಬೇಡವಾಗಿತ್ತು. "ಅಣ್ಣ ಹೇಳ್ತಿದಾನಲ್ಲ ಅತ್ತಿಗೆ, ಹಾಕಿಬಿಡಿ" ಎಂದಳು. ಅವರು "ಯಾವಾಗಲೂ" ಎಂಬುದನ್ನು ಒತ್ತಿ, ಅಭ್ಯಾಸಬಲದಿಂದ "ಮುಟ್ಟಿತು" ಎಂದರು. ನನಗೆ ಸಮಾಧಾನವಿರಲಿಲ್ಲ. ಆದರೆ ನನಗೆ ಯಾವುದರಲ್ಲೂ ಸಮಾಧಾನವಿರುವುದಿಲ್ಲ. ಬೀಗ ಹಾಕಿ ಬೀದಿ ತಿರುವಿನವರೆಗೆ ಹೋಗಿ ಮತ್ತೆ ಬಂದು ಬೀಗ ಎಳೆದು ನೋಡುವ ಜಾತಿ ನನ್ನದು. ಇದೂ ಅಂಥದ್ದೇ ಇರಬೇಕು ಎಂದುಕೊಂಡೆ.

ಆಮೇಲೆ ಕೆಲವು ವಾರ ಮನೆ ಹಗುರಾಯಿತು. ಅವಳ ಗೆರೆಗಳು ನೆಟ್ಟಗಾದವು. ಗೋಣಿಚೀಲದ ಪಕ್ಕದಲ್ಲಿ ಓದದ ಮೇಲ್‌ಗಳ ಸಂಖ್ಯೆ ದಪ್ಪ ಅಕ್ಷರದಲ್ಲಿ ಏರುತ್ತಿತ್ತು. ಅವಳು ಅದರ ಮೇಲೆ ಒಂದು ಬಟ್ಟೆಯ ತುಂಡು ಅಂಟಿಸಿದ್ದಳು, ಪರದೆಯ ಗಾಜಿನ ಮೇಲೇ. ಅವಳು ಒಂದನ್ನೂ ತೆರೆಯಲಿಲ್ಲ. ಬೀದಿಯ ಅಂಗಡಿಗೆ ಒಬ್ಬಳೇ ಹೋಗಿ ಬರತೊಡಗಿದಳು. ಅಂಗಡಿಯವಳ ಜೊತೆ ದಾರದ ಬಣ್ಣದ ವಿಷಯಕ್ಕೆ ಜಗಳವಾಡಿಕೊಂಡು ಬಂದ ದಿನ ನನಗೆ ಹಬ್ಬದಷ್ಟು ಸಂತೋಷವಾಯಿತು.

ಆಗ ವಕೀಲೆ ಫೋನ್ ಮಾಡಿ, ಅರ್ಜಿ ಸಿದ್ಧವಾಗಿದೆ, ಅವನ ಮೇಲ್‌ಗಳಲ್ಲಿ ಬೆದರಿಕೆ ಇರುವಂಥವನ್ನು ಆರಿಸಿ ಮುದ್ರಿಸಿ ತನ್ನಿ ಎಂದರು. ಆರಿಸಬೇಕಾದರೆ ತೆರೆಯಬೇಕಲ್ಲ. ಶನಿವಾರ ನನಗೆ ಅಂಗಡಿ ಅರ್ಧ ದಿನ. ಮಧ್ಯಾಹ್ನ ಬಟ್ಟೆಯ ತುಂಡು ಕಿತ್ತು ಗೋಣಿಚೀಲ ಬಿಚ್ಚಿದೆವು. ಅವಳು ಗೋಡೆಗೆ ಮುಖ ಮಾಡಿ ಮಂಚದ ಮೇಲೆ ಕೂತಳು. ನಾನು ಒಂದೊಂದೇ ತೆರೆದೆ.

ಕೆಲವು ಅಳು. ಕೆಲವು ಮನೆಯ ನಲ್ಲಿ ಸೋರುವ ವಿಷಯ, ಏನೂ ಆಗಿಲ್ಲವೆಂಬಂತೆ. "ಇದೇನು, ನಲ್ಲಿ ರಿಪೇರಿಯವನಿಗೆ ಹೋಗಬೇಕಾದದ್ದು ನಿಂಗೆ ಬಂದಿದೆ" ಎಂದೆ, ಅವಳು ಸ್ವಲ್ಪ ಸಡಿಲವಾಗಲಿ ಎಂದು. ಮುಂದಿನದನ್ನು ತೆರೆದ ಮೇಲೆ ನನಗೇ ತಮಾಷೆ ಬರಲಿಲ್ಲ. ಅದರಲ್ಲಿ ಅವಳು ಬಿಟ್ಟು ಬಂದ ಬಟ್ಟೆಗಳನ್ನು ಅವನು ಯಾವ ಯಾವ ಜಾಗದಲ್ಲಿ ಕತ್ತರಿಸಿದ ಎಂದು ಬರೆದಿತ್ತು. ತೋಳು, ಕತ್ತು, ಬೆನ್ನು. ನಾನು ಗಟ್ಟಿಯಾಗಿ ಓದಲಿಲ್ಲ. ಬೇಕಾದಷ್ಟನ್ನು ಮುದ್ರಿಸಿಕೊಂಡು ಮುಚ್ಚಿದೆ.

ಎರಡು ದಿನದ ಮೇಲೆ ಅವಳು ದರ್ಜಿಯೊಬ್ಬನ ಅಳತೆಗಾಗಿ ಮೇಲ್ ನೋಡಿದಾಗ ಗೋಣಿಚೀಲದಲ್ಲಿ ಹೊಸದೊಂದು ಬಂದಿತ್ತು. ಬಟ್ಟೆಯ ತುಂಡನ್ನು ನಾನು ಮತ್ತೆ ಅಂಟಿಸಿರಲಿಲ್ಲ. ತೆರೆಯುವ ಅಗತ್ಯವೂ ಇರಲಿಲ್ಲ, ವಿಷಯದ ಸಾಲಿನಲ್ಲೇ ಇತ್ತು. ಒಂದೇ ಪದ.

ಮುಟ್ಟಿತು.

ಸಂಜೆ ನಮ್ಮ ಮನೆಯವರು ಬಂದು ಅದನ್ನು ನೋಡಿ ಮೊದಲು ನಕ್ಕರು. "ಕಳ್ಳ ನನ್ನ ಮಗ, ನನ್ನ ಮಾತನ್ನೇ ಕದ್ದಿದಾನೆ."

"ಏನು ಮುಟ್ಟಿತು ಅಣ್ಣ?" ಎಂದಳು ಅವಳು. ಅವಳ ಕೈ ಕುತ್ತಿಗೆಯ ಹತ್ತಿರ ಹೋಗಿದ್ದನ್ನು ನಾನು ಕಂಡೆ. "ನಾನೇನೂ ಕಳಿಸಿಲ್ಲವಲ್ಲ. ಅವನಿಗೆ ಏನು ಮುಟ್ಟಿತು?"

ಹುಚ್ಚ, ಏನೋ ಬರೀತಾನೆ ಎಂದೆವು. ಮರುದಿನದ ಸಾಲು ಹೀಗಿತ್ತು: "ಶನಿವಾರ ಮಧ್ಯಾಹ್ನ ಬಿಡುವಾ?" ಅದರ ಮರುದಿನ ಏನೂ ಬರಲಿಲ್ಲ. ಆಮೇಲೆ ಬಂದದ್ದನ್ನು ನೋಡಿ ಅವಳು ನನ್ನ ಅಂಗಡಿಗೆ ಫೋನ್ ಮಾಡಿದಳು. ನಾನು ಒಬ್ಬ ಮುದುಕರ ಕಿವಿಗೆ ಚೌಕಟ್ಟಿನ ಕಡ್ಡಿ ಬಗ್ಗಿಸುತ್ತಿದ್ದೆ.

"ಅತ್ತಿಗೆ, ಇನ್ವರ್ಡ್ ಮೂರು ಅಂದ್ರೆ ಏನು ಅಂತ ಕೇಳಿದಾನೆ. ನಂಗೆ ಅರ್ಥ ಆಗ್ಲಿಲ್ಲ. ನಿಮಗೆ ಆಗುತ್ತಾ?"

ನನಗೆ ಆಯಿತು. ನಮ್ಮ ಮನೆಯವರು ದಿನಾ ಕೂರುವ ಜಾಗ ಅದು. ಸರಕು ಒಳಬರುವ ಮೂರನೇ ಬಾಗಿಲು. ಗೋದಾಮಿನವರೆಲ್ಲ ಅದನ್ನು ಕರೆಯುವುದೇ ಇನ್ವರ್ಡ್ ಮೂರು ಎಂದು. ಮುದುಕರು "ಏನಮ್ಮಾ, ಕಿವಿ ನೋಯ್ತಿದೆ" ಎಂದಾಗಲೇ ನಾನು ಕಡ್ಡಿ ಬಿಟ್ಟದ್ದು.

ಸಂಜೆ ಕ್ಲಾಸಿನ ಮೇಷ್ಟ್ರನ್ನು ನಾನು ಪಾಠಕ್ಕೆ ಮುಂಚೆಯೇ ಮನೆಗೆ ಕರೆತಂದೆ. ಅವರು ಚಪ್ಪಲಿ ಬಿಡುತ್ತಲೇ "ವೈರಸ್ಸಾ?" ಎಂದರು; ಎಲ್ಲದಕ್ಕೂ ಹಾಗೇ ಕೇಳುವ ಮನುಷ್ಯ. ವಿಷಯ ಕೇಳಿದ ಮೇಲೆ ಮುಖ ಬದಲಾಯಿತು. ತಮ್ಮ ಫೋನಿನಿಂದ ನಾದಿನಿಯ ವಿಳಾಸಕ್ಕೆ ಒಂದು ಖಾಲಿ ಮೇಲ್ ಕಳಿಸಿ, "ಈಗ ಇದನ್ನ ತೆಗೀರಿ" ಎಂದರು. ತೆಗೆದೆ. ಪರದೆಯ ಮೇಲೆ ಏನೂ ಆಗಲಿಲ್ಲ. ಆದರೆ ಅವರ ಕೈಯ ಫೋನ್ ಕುಯ್ಯೆಂದಿತು. ನಾದಿನಿ ಬೆಚ್ಚಿದಳು.

ಅವರು ಫೋನನ್ನು ನಮ್ಮತ್ತ ತಿರುಗಿಸಿದರು. ನಾವು ಬರೆಯದ ಒಂದು ಉತ್ತರ ಅಲ್ಲಿತ್ತು. ನಿಮ್ಮ ಮೇಲ್ ಇಂಥ ಹೊತ್ತಿಗೆ ತೆರೆಯಲಾಗಿದೆ ಎಂದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಇನ್ವರ್ಡ್-3.

"ಈ ರಸೀದಿ ನಿಮಗಲ್ಲ. ಕಳಿಸಿದವನಿಗೆ. ಅವನು ಪ್ರತಿ ಮೇಲ್ ಜೊತೇನೂ ಓದಿದ್ರೆ ತಿಳಿಸು ಅಂತ ಕೇಳ್ಕೊಂಡಿದಾನೆ. ಮೊದ್ಲಿಂದ ಕೇಳ್ತಾನೇ ಇದ್ದಿರಬೇಕು. ನೀವು ಯಾವಾಗಲೂ ಅಂತ ಹಾಕಿದ್ರಿ. ಇದು ತಿಳಿಸಿದೆ" ಎಂದರು ಮೇಷ್ಟ್ರು.

"ಈ ಹೆಸರು?"

"ಕಂಪ್ಯೂಟರ್‌ಗೂ ಒಂದು ಹೆಸರಿರುತ್ತಮ್ಮ. ಇಟ್ಟವರು ನಿಮ್ಮ ಗೋದಾಮಿನವರು. ಈ ತಂತ್ರಾಂಶ ಅದನ್ನೂ ಸೇರಿಸಿ ಕಳಿಸುತ್ತೆ."

ನಮ್ಮ ಮನೆಯವರು ಬಾಗಿಲಿಗೆ ಒರಗಿ ನಿಂತಿದ್ದರು. "ವಾಪಸ್ಸು ಅಂದ್ರೆ ನಮಗಲ್ವಾ?" ಎಂದರು, ಯಾರನ್ನೂ ಕೇಳದೆ. ಅವರ ಲೋಕದಲ್ಲಿ ಅವರು ಯಾವಾಗಲೂ ರಸೀದಿ ಉಳಿಸಿಕೊಳ್ಳುವ ಕಡೆ ಇದ್ದವರು.

"ಈಗ ಬದಲಾಯಿಸಿ. ನೆವರ್ ಹಾಕಿ" ಎಂದರು ಮೇಷ್ಟ್ರು.

ನಾದಿನಿಯೇ ಒತ್ತಿದಳು. ಆಮೇಲೆ ಕೇಳಿದಳು, "ಹೋಗಿರೋದನ್ನ ಹಿಂದಕ್ಕೆ ತರೋಕೆ?"

ಮೇಷ್ಟ್ರು ಆಗುವುದಿಲ್ಲವೆಂದು ತಲೆಯಾಡಿಸಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇಲ್ಲಿ ನಾವು ಮಾತನ್ನೇ ಆಡಿರಲಿಲ್ಲ. ನಮ್ಮ ಪರವಾಗಿ ಅದು ಆಡಿತ್ತು, ನಾನು ತೆರೆದ ಒಂದೊಂದಕ್ಕೂ ಒಂದೊಂದು ಸಲ, ತುಂಬ ವಿನಯದಿಂದ.

ಆ ಸಂಜೆ ನಮ್ಮ ಮನೆಯವರು ಊಟದ ತಟ್ಟೆ ಮುಂದೆ ಇಟ್ಟುಕೊಂಡು ಕೂತೇ ಇದ್ದರು. ನಾದಿನಿ ಎದುರಿಗೆ ಬಂದು ಕೂತಳು.

"ಮುಖ ಯಾಕೆ ಹಾಗೆ ಇಟ್ಕೊಂಡಿದೀಯಾ? ಒತ್ತಿದ್ದು ನೀನಾದ್ರೂ ಹೂಂ ಅಂದವಳು ನಾನು."

"ನಾನು ದೊಡ್ಡ ಪಂಡಿತನ ಥರ..."

"ಪಂಡಿತನೇ. ಹಳದಿ ಚೀಟಿ ಪಂಡಿತ. ಊಟ ಮಾಡು." ಆಮೇಲೆ ದನಿ ಇಳಿಸಿ, "ಇನ್ವರ್ಡ್ ಅಂತ ಎಲ್ಲ ಕಡೆ ಇರುತ್ತೆ ಅಲ್ವಾ ಅಣ್ಣ? ಆಸ್ಪತ್ರೆ, ಬ್ಯಾಂಕು, ಕಚೇರಿ?" ಎಂದಳು.

"ಇರುತ್ತೆ. ಎಲ್ಲ ಕಡೆ ಇರುತ್ತೆ" ಎಂದರು ಅವರು. ಆದರೆ ನಮ್ಮ ಮೂವರಲ್ಲಿ ಯಾರಿಗೂ ಅದರಿಂದ ಸಮಾಧಾನವಾಗಲಿಲ್ಲ. ಅವಳ ಅಣ್ಣ ಇದೇ ಕಂಪನಿಯ ಗೋದಾಮಿನ ಗುಮಾಸ್ತ ಎಂಬುದು ಅವನಿಗೆ ಗೊತ್ತು. ಯಾವ ಊರಿನ ಗೋದಾಮು ಎಂಬುದೊಂದೇ ಗೊತ್ತಿರಲಿಲ್ಲ. ಕಂಪನಿಗೆ ಗೋದಾಮುಗಳು ಬಹಳ ಇದ್ದರೂ ಮೂರನೇ ಬಾಗಿಲು ಇರುವಷ್ಟು ದೊಡ್ಡವು ಕೆಲವೇ.

ವಕೀಲೆ ಅರ್ಜಿ ಹಾಕಿದರು. ವಿಚಾರಣೆಗೆ ದಿನ ಸಿಗುವುದು ತಡವಾಗುತ್ತದೆ, ಅಲ್ಲಿಯವರೆಗೆ ಎಚ್ಚರವಾಗಿರಿ ಎಂದರು. ಎಚ್ಚರ ಎಂದರೆ ಏನು ಮಾಡಬೇಕು ಎಂದು ನಮಗೆ ತಿಳಿಯಲಿಲ್ಲ. ನಾದಿನಿ ಅಂಗಡಿಗೆ ಹೋಗುವುದು ನಿಲ್ಲಿಸಿದಳು. ಹಿಂದಿನ ಕೋಣೆಯ ಕಿಟಕಿಗೆ ನಕ್ಷೆಯ ಕಾಗದ ಅಂಟಿಸಿದಳು. ಬೆಳಕು ತೋಳಿನಾಕಾರದಲ್ಲಿ, ಕತ್ತಿನಾಕಾರದಲ್ಲಿ ಒಳಗೆ ಬರುತ್ತಿತ್ತು. ನಾನು ಬೀಗವನ್ನು ಮೂರು ಮೂರು ಸಲ ಎಳೆದು ನೋಡತೊಡಗಿದೆ, ಈಗ ಯಾರೂ ನಗುತ್ತಿರಲಿಲ್ಲ.

ಗೋದಾಮಿಗೆ ದಿನವೆಲ್ಲ ಫೋನ್ ಬರುತ್ತದೆ. ನಮ್ಮ ಸರಕು ಮುಟ್ಟಿತಾ ಎಂದು ಕೇಳುವವರೇ ಎಲ್ಲ. ಮೊದಲು ನಮ್ಮ ಮನೆಯವರು ಗಂಟೆಯ ಹಾಗೆ ಉತ್ತರಿಸುತ್ತಿದ್ದರು. ಈಗ ಫೋನೆತ್ತಿ ಮೊದಲು ಉಸಿರು ಕೇಳುತ್ತಾರೆ. "ಯಾರು ಮಾತಾಡೋದು?" ಎಂದು ಎರಡು ಸಲ ಕೇಳಿದ್ದಕ್ಕೆ ಒಬ್ಬ ವ್ಯಾಪಾರಿ ಮ್ಯಾನೇಜರಿಗೆ ದೂರು ಕೊಟ್ಟ. ಒಂದು ಫೋನಿನಲ್ಲಿ ಯಾರೋ ಬಹಳ ಮರ್ಯಾದೆಯಿಂದ, "ಮೂರನೇ ಬಾಗಿಲಲ್ಲಿ ಯಾರು ಕೂರ್ತಾರೆ ಸಾರ್? ಹೆಸರು ಹೇಳಿದ್ರೆ ಅವರ ಹೆಸರಿಗೇ ಕಳಿಸ್ತೀನಿ" ಎಂದರಂತೆ. ಅದನ್ನು ಎತ್ತಿದ್ದು ಇವರಲ್ಲ, ಎದುರಿನ ಬಾಗಿಲಿನ ಗುಮಾಸ್ತ, ಎಲ್ಲರೂ ದಪ್ಪಣ್ಣ ಎನ್ನುವವನು. ಹೆಸರು ಹೇಳಿದೆಯಾ ಎಂದು ಇವರು ಕೇಳಿದರು. "ಹೆಸರು ಯಾಕೆ, ಇನ್ವರ್ಡ್ ಮೂರು ಅಂತ ಬರೆದ್ರೆ ಸಾಕು ಅಂದೆ" ಎಂದನಂತೆ ದಪ್ಪಣ್ಣ. ಅಂಥ ಫೋನ್ ಕೂಡ ವ್ಯಾಪಾರಿಗಳು ಮಾಡುತ್ತಾರೆ, ಮಾಡುವುದೇ ಇಲ್ಲ ಎಂದಲ್ಲ.

ಮುಂದಿನ ವಾರ ಪೆಟ್ಟಿಗೆ ಬಂತು.

ಇದನ್ನು ನಾನು ಕಂಡಿಲ್ಲ, ನಮ್ಮ ಮನೆಯವರು ಹೇಳಿದ್ದು. ಬೆಳಗಿನ ಲಾರಿಯಲ್ಲಿ ಇತರ ಸರಕಿನ ಜೊತೆ ಒಂದು ಸಣ್ಣ ಕಂದು ಪೆಟ್ಟಿಗೆ. ಮೇಲೆ "ಇನ್ವರ್ಡ್ 3" ಎಂದಷ್ಟೇ ಬರೆದಿತ್ತು. ಕಳಿಸಿದವರ ಜಾಗದಲ್ಲಿದ್ದ ಮುದ್ರೆ ನೀರು ತಾಗಿ ಹರಡಿತ್ತು. ಪಕ್ಕದಲ್ಲಿ ದಾರದಿಂದ ಒಂದು ಕಾರ್ಡು ಕಟ್ಟಿತ್ತು: ಪಡೆದವರ ಹೆಸರು, ಸಹಿ, ಕಳಿಸಿದವರಿಗೆ ವಾಪಸ್ಸು ಮಾಡತಕ್ಕದ್ದು. ಕೈಗೆತ್ತಿಕೊಂಡರೆ ತೂಕವೇ ಇಲ್ಲ.

"ಹಾಕಿ ಸಾರ್, ಇನ್ನೂ ನಾಲ್ಕು ಕಡೆ ಹೋಗ್ಬೇಕು" ಎಂದ ಲಾರಿಯವನು.

ಇವರು ಪೆನ್ನು ತೆಗೆಯಲಿಲ್ಲ. ಅಷ್ಟು ವರ್ಷದ ಕೆಲಸದಲ್ಲಿ ಬಂದ ಪೆಟ್ಟಿಗೆಗೆ ಸಹಿ ಹಾಕದೇ ನಿಂತದ್ದು ಅದೇ ಮೊದಲಂತೆ. ಹೆಸರು ಬರೆದರೆ ಆ ಹೆಸರು ಹೋಗುತ್ತದೆ. ಆ ಹೆಸರು ಅವನಿಗೆ ಗೊತ್ತು. ಬೇಡವೆಂದು ವಾಪಸ್ಸು ಕಳಿಸಿದರೆ, ಯಾಕೆ ಬೇಡವೆಂದರು ಎಂಬುದೂ ಒಂದು ಉತ್ತರವೇ ಅಲ್ಲವೇ?

"ಏನ್ ಮುಟ್ಟಿತಪ್ಪಾ, ಇವತ್ತು ಮುಟ್ಟಲಿಲ್ವಾ?" ಎಂದು ಯಾರೋ ಹಿಂದಿನಿಂದ ಕೂಗಿದರು. ಇವರು ಲಾರಿಯವನಿಗೆ "ತಡಿ, ಬಂದೆ" ಎಂದು ಮ್ಯಾನೇಜರನ್ನು ಕೇಳಲು ಒಳಗೆ ಹೋದರು. ಮ್ಯಾನೇಜರು ಫೋನಿನಲ್ಲಿದ್ದರು. ಕಾದರು. ಹೊರಗೆ ಬಂದಾಗ ಲಾರಿ ಹೋಗಿತ್ತು. ಪೆಟ್ಟಿಗೆ ಇವರ ಮೇಜಿನ ಮೇಲಿತ್ತು, ಕಾರ್ಡು ಇರಲಿಲ್ಲ.

"ನಾನೇ ಹಾಕ್ದೆ. ಅವನು ಬೊಬ್ಬೆ ಹೊಡೀತಿದ್ದ" ಎಂದ ದಪ್ಪಣ್ಣ. ಅವರಲ್ಲಿ ಒಬ್ಬರ ಬಾಗಿಲಿಗೆ ಇನ್ನೊಬ್ಬರು ಸಹಿ ಹಾಕುವುದು ದಿನನಿತ್ಯದ ಮಾತು. ಊಟಕ್ಕೆ ಹೋದಾಗ, ಬೀಡಿಗೆ ಹೋದಾಗ.

"ಯಾರ ಹೆಸರು ಬರೆದೆ?"

"ಹೆಸರಾ..." ದಪ್ಪಣ್ಣ ತಲೆ ಕೆರೆದುಕೊಂಡ. "ನಿನ್ನ ಬಾಗಿಲಲ್ವಾ, ನಿನ್ನ ಹೆಸರೇ ಹಾಕಿರ್ತೀನಿ. ಇಲ್ಲಾ ಕೈ ತಿರುಗಿದ ಹಾಗೆ ನನ್ನದೇ ಹಾಕಿದ್ನೋ ಏನೋ. ನೆನಪಿಲ್ಲ ಮಾರಾಯ. ಯಾಕೆ, ಏನಿತ್ತು ಅದ್ರಲ್ಲಿ?"

ತೆರೆದು ನೋಡಿದರು. ಏನೂ ಇರಲಿಲ್ಲ. ಖಾಲಿ. ಪೆಟ್ಟಿಗೆ ಮಾರುವವರು ಒಮ್ಮೊಮ್ಮೆ ಖಾಲಿ ಪೆಟ್ಟಿಗೆಯನ್ನು ನಮೂನೆಗೆಂದು ಕಳಿಸುವುದುಂಟು. ಇವರು ಅಂಥವನ್ನು ಬಹಳ ನೋಡಿದ್ದಾರೆ. ಅವುಗಳಲ್ಲಿ ಸಾಮಾನ್ಯವಾಗಿ ಒಂದು ದರಪಟ್ಟಿ ಇರುತ್ತದೆ. ಇದರಲ್ಲಿ ಅದೂ ಇರಲಿಲ್ಲ. ಲಾರಿ ಕಂಪನಿಯಲ್ಲಿ ವಿಚಾರಿಸಿದರೆ ದಾರಿಬದಿಯ ಕೌಂಟರಿನಲ್ಲಿ ಕೊಟ್ಟದ್ದು, ಯಾರು ಕೊಟ್ಟರೆಂದು ಹೇಳಲಾಗದು ಎಂದರು.

ಪೊಲೀಸ್ ಠಾಣೆಗೆ ವಕೀಲೆಯೇ ನಮ್ಮನ್ನು ಕರೆದುಕೊಂಡು ಹೋದರು. ಅಲ್ಲಿದ್ದವರು ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ತಟ್ಟಿ ನೋಡಿ, "ಖಾಲಿ ಡಬ್ಬ ಕಳಿಸೋದು ಅಪರಾಧ ಅಲ್ಲಮ್ಮ" ಎಂದರು. ಬರೆದುಕೊಂಡರು, ಅದು ಸುಳ್ಳಲ್ಲ.

ಮನೆಗೆ ಬಂದ ಮೇಲೆ ನಾದಿನಿ ಕಂಪ್ಯೂಟರ್ ಮುಂದೆ ಕೂತು ಮೇಲ್ ನೋಡಿದಳು. ಗೋಣಿಚೀಲಕ್ಕೆ ಅಂದು ಏನೂ ಬಂದಿರಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನವೂ ಇಲ್ಲ. ದಿನಾ ಬೆದರಿಸುತ್ತಿದ್ದವನು ಸುಮ್ಮನಾದರೆ ಮನಸ್ಸಿಗೆ ನೆಮ್ಮದಿ ಆಗಬೇಕಿತ್ತು. ಅವಳು "ನೋಡು" ಎಂಬ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಿದ್ದಳು, ಅವನ ಮೇಲ್ ಬರಲೆಂದು. ನಾನೂ ಅದನ್ನೇ ಬಯಸುತ್ತಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಬರೆಯುತ್ತಿದ್ದಾನೆ ಎಂದರೆ ಅವನು ಅಲ್ಲೆಲ್ಲೋ ಮೇಜಿನ ಮುಂದೆ ಕೂತಿದ್ದಾನೆ ಎಂದು ಅರ್ಥ.

ಒಂದು ಬೆಳಗ್ಗೆ ಅವಳು ಸ್ನಾನ ಮಾಡಿ, ತಲೆ ಬಾಚಿ, ನನ್ನನ್ನು ಕೂರಿಸಿಕೊಂಡಳು.

"ಅತ್ತಿಗೆ, ಲಾಯರಮ್ಮ ಒಂದು ಜಾಗ ಹೇಳಿದಾರೆ. ಹೆಂಗಸರೇ ಇರೋ ಕಡೆ. ನಾನು ಹೋಗ್ತೀನಿ."

"ಎಲ್ಲಿ?"

"ಅದನ್ನ ಕೇಳ್ಬೇಡಿ."

ನನಗೆ ಅಳು ಬಂತು, ಸಿಟ್ಟೂ ಬಂತು. "ನಾವು ಯಾರಿಗೆ ಹೇಳ್ತೀವಿ? ನಿನ್ನ ಅಣ್ಣ ಪ್ರಾಣ ಹೋದ್ರೂ..."

"ಗೊತ್ತು. ಪ್ರಾಣ ಹೋದ್ರೂ ಹೇಳಲ್ಲ, ಅದೇ ನಂಗೆ ಭಯ" ಎಂದಳು. "ಅವನು ಬಾಗಿಲಿಗೆ ಬಂದು ನಿಂತ್ರೆ ನೀವು ಗೊತ್ತಿಲ್ಲ ಅನ್ಬೇಕು. ನಿಜವಾಗ್ಲೂ ಗೊತ್ತಿಲ್ಲದೇ ಇದ್ರೆ ಮಾತ್ರ ಅದು ಮುಖದ ಮೇಲೆ ಕಾಣುತ್ತೆ. ಅಣ್ಣನಿಗಂತೂ ಸುಳ್ಳು ಹೇಳೋಕೆ ಬರಲ್ಲ. ಕಿವಿ ಕೆಂಪಾಗುತ್ತೆ."

ಮೋಟರನ್ನು ನಾನೇ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ನಮ್ಮ ಮನೆಯವರು ಬೀದಿಯವರೆಗೆ ಹೋಗಲು ಎದ್ದರು. ಅವಳು ಬೇಡವೆಂದು ಕೈ ಸನ್ನೆ ಮಾಡಿ, ಅವರ ಕೆನ್ನೆ ಹಿಂಡಿ, ಚಿಕ್ಕವಳಿದ್ದಾಗ ಕರೆಯುತ್ತಿದ್ದ ಹೆಸರಿನಿಂದ ಕರೆದಳು. ಇವರು ಗೋಡೆ ನೋಡುತ್ತ ನಿಂತರು. ವಕೀಲೆಯ ಕಾರು ತಿರುವಿನಲ್ಲಿ ಎಡಕ್ಕೆ ಹೋಯಿತೋ ಬಲಕ್ಕೋ ನಾನು ನೋಡದಿರಲು ಕಣ್ಣು ಮುಚ್ಚಿಕೊಂಡೆ.

ಈಚೆಗೆ ನಮ್ಮ ಬೀದಿಯ ಕೊನೆಯಲ್ಲಿ ಬೀಗ ರಿಪೇರಿ ಅಂಗಡಿಯ ಮುಂದೆ ಒಂದು ಬೂದು ಬಣ್ಣದ ಕಾರು ಆಗಾಗ ನಿಲ್ಲುತ್ತದೆ. ಬೀಗದವನ ಗಿರಾಕಿಯೇ ಇರಬಹುದು. ಒಳಗಿರುವವರು ಇಳಿದದ್ದನ್ನು ನಾನು ಕಂಡಿಲ್ಲ. ಅವನನ್ನು ನಾನು ನೋಡಿದ್ದು ಮದುವೆಯ ದಿನ ಮಾತ್ರ, ಈಗ ಎದುರಿಗೆ ಬಂದರೆ ಗುರುತು ಸಿಗುತ್ತದೋ ಇಲ್ಲವೋ. ಆದೇಶ ಬಂದಿದೆ, ಆದರೆ ಅದನ್ನು ಜಾರಿಮಾಡಲು ಹೋದವರಿಗೆ ಅವನ ಮನೆಯ ಬಾಗಿಲು ಮುಚ್ಚಿತ್ತಂತೆ.

ಆ ಕಾರ್ಡಿನ ಮೇಲೆ ಯಾರ ಹೆಸರು ಹೋಯಿತು ಎಂದು ನಮಗೆ ಗೊತ್ತಿಲ್ಲ. ಪೆಟ್ಟಿಗೆ ಕಳಿಸಿದ್ದು ಅವನೇ ಎಂದೂ ಗೊತ್ತಿಲ್ಲ. ಅವನು ಬರೆಯುವುದನ್ನು ಯಾಕೆ ನಿಲ್ಲಿಸಿದ, ಎಲ್ಲಿದ್ದಾನೆ ಎಂದು ಗೊತ್ತಿಲ್ಲ. ನನ್ನ ನಾದಿನಿ ಎಲ್ಲಿದ್ದಾಳೆ ಎಂಬುದೂ ನನಗೆ ಗೊತ್ತಿಲ್ಲ.